ಹೊಸ ಸ್ಟಾಕ್ ಕೊಳ್ಳುವ ಮೊದಲು ಆ ಎರಡು ಸ್ಕ್ರೂ ಸಡಿಲಿಸಿ ನೋಡಿ

ಹಳೇ .22 ಟಾರ್ಗೆಟ್ ರೈಫಲ್, ಮರದ ಸ್ಟಾಕ್ (ಭುಜಕ್ಕೆ ಊರಿ ಹಿಡಿಯುವ ಭಾಗ), ಗುಂಡುಗಳು ಮೇಲೆ ಕೆಳಗೆ ಚದುರುತ್ತಿವೆ, ಅಲ್ಯೂಮಿನಿಯಂ ಸ್ಟಾಕ್ ತಗೊಳ್ಳಲಾ ಲ್ಯಾಮಿನೇಟ್ (ತೆಳು ಮರದ ಪದರ ಅಂಟಿಸಿದ್ದು) ತಗೊಳ್ಳಲಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ನಿಮ್ಮ ಬಗ್ಗೆ ಅಲ್ಲ, ನನ್ನನ್ನೇ ನೆನೆಸಿಕೊಂಡು. ಎಂಟು ವರ್ಷದ ಹಿಂದೆ ಇದೇ ಪ್ರಶ್ನೆ ಹಿಡಿದುಕೊಂಡು ಕಂಡಕಂಡವರನ್ನೆಲ್ಲ ಕೇಳಿದ್ದೆ. ಅರ್ಧ ಜನ ಅದು ಅಂದರು, ಅರ್ಧ ಜನ ಇದು ಅಂದರು. ಎರಡೂ ಬೇಡ ಅಂತ ಒಬ್ಬರೂ ಹೇಳಲಿಲ್ಲ. ನಾನು ಹೇಳುತ್ತೇನೆ, ಸದ್ಯಕ್ಕೆ ಎರಡೂ ಬೇಡ.

ನನ್ನದು ಜರ್ಮನ್ ಕಂಪನಿ ಆನ್ಶುಟ್ಜ್‌ನ ಹಳೇ ರೈಫಲ್, ಮ್ಯಾಚ್ 54 ಆ್ಯಕ್ಷನ್. ಆ್ಯಕ್ಷನ್ ಅಂದರೆ ಬ್ಯಾರಲ್ (ನಳಿಗೆ) ಹಿಂದೆ ಬೋಲ್ಟ್ ಓಡುವ ಉಕ್ಕಿನ ಭಾಗ, ಅದನ್ನು ಸ್ಟಾಕಿಗೆ ಬಿಗಿಯುವುದೇ ಆ ಎರಡು ಸ್ಕ್ರೂ. 1954ರಲ್ಲಿ ಬಂದ ವಿನ್ಯಾಸ, ಹೆಸರಿನಲ್ಲಿರುವ 54 ಅದೇ. ರೈಫಲ್ ನನಗಿಂತ ವಯಸ್ಸಿನಲ್ಲಿ ದೊಡ್ಡದು. ವಾಲ್‌ನಟ್ ಸ್ಟಾಕ್, ಯಾರ್ಯಾರದೋ ಕೈ ಬೆವರಿಗೆ ಹಿಡಿಯ ಹತ್ತಿರ ಕಪ್ಪಾಗಿತ್ತು. ಮೊದಲ ವರ್ಷ ಚೆನ್ನಾಗೇ ಹೊಡೆಯಿತು. 50 ಮೀಟರಿನಲ್ಲಿ ಹತ್ತು ಗುಂಡು 14-15 ಮಿಲಿಮೀಟರ್ ಒಳಗೆ ಕೂರುತ್ತಿದ್ದವು. ಆ ಟಾರ್ಗೆಟ್‌ನಲ್ಲಿ ಹತ್ತರ ವೃತ್ತ 10.4 ಮಿಲಿಮೀಟರ್, ಗುಂಡಿನ ಅಂಚು ಗೆರೆಗೆ ತಾಗಿದರೂ ಹತ್ತು ಸಿಗುತ್ತದೆ, ಹಾಗಾಗಿ ಅಷ್ಟು ಸಾಕಿತ್ತು. ಆಮೇಲೆ ನಿಧಾನಕ್ಕೆ ಗ್ರೂಪ್, ಅಂದರೆ ಗುಂಡಿನ ತೂತುಗಳ ಗುಂಪು, ಉದ್ದಕ್ಕೆ ಎಳೆಯತೊಡಗಿತು. ಅಡ್ಡಕ್ಕೆ ಏನೂ ತೊಂದರೆ ಇಲ್ಲ, ಮೇಲೆ ಕೆಳಗೆ ಮಾತ್ರ. ನಿಮ್ಮ ಹಾಗೇ.

ನಾನು ಕಾರಣ ಹುಡುಕಲಿಲ್ಲ, ಸ್ಟಾಕ್ ಮೇಲೆ ತಪ್ಪು ಹೊರಿಸಿದೆ. ಹಳೇ ಮರ, ತಿರುಚಿರಬೇಕು, ಇನ್ನೇನು ಅಂತ. ನಿಜ ಹೇಳಬೇಕೆಂದರೆ ಹೊಸದು ಬೇಕು ಅನ್ನೋ ಆಸೆ ಮೊದಲೇ ಇತ್ತು, ನೆಪ ಆಮೇಲೆ ಸಿಕ್ಕಿತು. ಲ್ಯಾಮಿನೇಟ್ ಸ್ಟಾಕ್ ಆರ್ಡರ್ ಮಾಡಿದೆ. ಕೆನ್ನೆ ಊರುವ ಚೀಕ್‌ಪೀಸ್ ಮೇಲೆ ಕೆಳಗೆ ಆಗುತ್ತದೆ, ಭುಜಕ್ಕೆ ಊರುವ ಬಟ್‌ಪ್ಲೇಟ್ ಎಲ್ಲ ದಿಕ್ಕಿಗೂ ಸರಿಯುತ್ತದೆ, ಬಣ್ಣ ಬೇರೆ ಸೊಗಸು. ಬಂದ ದಿನ ರಾತ್ರಿಯೇ ಜೋಡಿಸಲು ಕೂತೆ.

ಆ್ಯಕ್ಷನ್ ಸರಿಯಾಗಿ ಕೂರಲಿಲ್ಲ. ಮಧ್ಯದಲ್ಲಿ ಮರ ಸ್ವಲ್ಪ ಉಬ್ಬಿತ್ತು, ಹಿಂದೆ ಕೂದಲೆಳೆಯಷ್ಟು ಸಂದು. ಅದಕ್ಕೂ ಮದ್ದು ಗೊತ್ತಿತ್ತು, ಎಪಾಕ್ಸಿ ಬೆಡ್ಡಿಂಗ್. ಆ್ಯಕ್ಷನ್ ಕೂರುವ ಜಾಗಕ್ಕೆ ಎಪಾಕ್ಸಿ, ಅಂದರೆ ಕಲ್ಲಿನ ಹಾಗೆ ಗಟ್ಟಿಯಾಗುವ ಅಂಟು, ಬಳಿದು, ಅದರ ಮೇಲೆ ಆ್ಯಕ್ಷನ್ ಇಟ್ಟು ಗಟ್ಟಿಯಾಗಲು ಬಿಟ್ಟರೆ ಅದರದ್ದೇ ಅಚ್ಚು ಬೀಳುತ್ತದೆ. ಉಕ್ಕಿಗೆ ಅಂಟದಿರಲಿ ಅಂತ ಎರಡು ಸಲ ಶೂ ಪಾಲಿಶ್ ಹಚ್ಚಿದೆ, ಸ್ಕ್ರೂ ತೂತುಗಳಿಗೆ ಜೇಡಿಮಣ್ಣು ತುಂಬಿದೆ. ಅವೆರಡು ಮಾತ್ರ ಸರಿಯಾಗಿ ಮಾಡಿದ್ದು.

ಆಮೇಲೆ ಟಾರ್ಕ್ ವ್ರೆಂಚ್ ತಗೊಂಡು ಎರಡೂ ಸ್ಕ್ರೂಗಳನ್ನು ಪೂರ್ತಿ 5 ನ್ಯೂಟನ್ ಮೀಟರಿಗೆ ಬಿಗಿದೆ. ಎಪಾಕ್ಸಿ ಇನ್ನೂ ಹಸಿ ಇರುವಾಗಲೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಆ್ಯಕ್ಷನ್ ಅಂದರೆ ಉಕ್ಕಿನ ದಪ್ಪ ಕೊಳವೆ. ಅಷ್ಟು ದಪ್ಪ ಉಕ್ಕು ಒಂದು ಸ್ಕ್ರೂಗೆ ಎಲ್ಲಿ ಬಾಗುತ್ತದೆ ಅಂತ ಅನ್ನಿಸುತ್ತೆ ಅಲ್ವಾ? ಬಾಗುತ್ತದೆ. ಕಣ್ಣಿಗೆ ಕಾಣದಷ್ಟು, ಆದರೆ ಟಾರ್ಗೆಟ್‌ಗೆ ಕಾಣುವಷ್ಟು. ಮಧ್ಯದಲ್ಲಿ ಉಬ್ಬು ಇದ್ದು ಎರಡು ತುದಿಯನ್ನು ಕೆಳಗೆ ಎಳೆದರೆ ಅದು ಬಿಲ್ಲಿನ ಹಾಗೆ ಆಗುತ್ತದೆ. ನಾನು ಬಿಗಿದ ಕ್ಷಣ ಆಗಿದ್ದು ಇಷ್ಟೇ. ಆ್ಯಕ್ಷನ್ ಬಾಗಿತು, ಎಪಾಕ್ಸಿ ಸುತ್ತ ಹರಿದು ಆ ಬಾಗಿದ ಆಕಾರಕ್ಕೇ ಅಚ್ಚುಕಟ್ಟಾಗಿ ತುಂಬಿಕೊಂಡಿತು, ಬೆಳಗಾಗುವಷ್ಟರಲ್ಲಿ ಕಲ್ಲಾಯಿತು. ಸ್ಕ್ರೂ ಬಿಚ್ಚಿದರೆ ಉಕ್ಕು ಮತ್ತೆ ನೆಟ್ಟಗಾಗುತ್ತದೆ. ಬಿಗಿದರೆ ಮತ್ತೆ ಅದೇ ಅಚ್ಚಿಗೆ ಬಾಗುತ್ತದೆ. ಪ್ರತಿ ಸಲವೂ. ಬೆಡ್ಡಿಂಗ್ ಮಾಡುವುದೇ ಈ ಒತ್ತಡ ಹೋಗಲಿ ಅಂತ, ನಾನು ಅದನ್ನೇ ಅಚ್ಚು ಹಾಕಿ ಕೂರಿಸಿದ್ದೆ.

ಇದರಲ್ಲಿ ಮೋಸ ಹೋಗುವುದು ಯಾಕೆ ಅಂದರೆ ನೋಡೋಕೆ ಎಷ್ಟು ಚಂದ ಇರುತ್ತದೆ ಗೊತ್ತಾ! ಮಾರನೇ ದಿನ ಆ್ಯಕ್ಷನ್ ಎತ್ತಿ ನೋಡಿದರೆ ಒಳಗೆ ಕನ್ನಡಿಯ ಹಾಗೆ ಹೊಳಪು. ಒಂದು ಗಾಳಿಗುಳ್ಳೆ ಇಲ್ಲ. ಆ್ಯಕ್ಷನ್ ಮೇಲಿದ್ದ ಸಣ್ಣ ಗೀರು ಕೂಡ ಎಪಾಕ್ಸಿಯಲ್ಲಿ ಮೂಡಿತ್ತು. ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿದೆ. ನಾಲ್ವರೂ ಹೊಗಳಿದರು.

ರೇಂಜಿಗೆ ಹೋದರೆ ಮೊದಲ ಐದು ಗುಂಡು ಒಂದು ಕಡೆ, ರೈಫಲ್ ಸ್ವಲ್ಪ ಬಿಸಿಯಾದ ಮೇಲೆ ಉಳಿದವು ಒಂದು ಬೆರಳಗಲ ಮೇಲೆ. ಮುಂದಿನ ವಾರ ಇನ್ನೊಂದು ಥರ. ಸ್ಕ್ರೂ ಚೂರು ಸಡಿಲ ಬಿಟ್ಟರೆ ಒಂದು ಜಾಗ, ಬಿಗಿದರೆ ಇನ್ನೊಂದು. ನಾನು ಏನು ಮಾಡಿದೆ? ಗುಂಡಿನ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ಬದಲಿಸಿದೆ. ಇನ್ನೊಂದು ಲಾಟ್. ಮತ್ತೊಂದು. ನನ್ನ ಉಸಿರಾಟ, ಜಾಕೆಟ್, ರೈಫಲ್ ಹಿಡಿಯುವ ಸ್ಲಿಂಗ್ ಪಟ್ಟಿ ಎಲ್ಲವನ್ನೂ ಅನುಮಾನಿಸಿದೆ. ಆ ಬೆಡ್ಡಿಂಗನ್ನು ಮಾತ್ರ ಅನುಮಾನಿಸಲಿಲ್ಲ, ಅಷ್ಟು ಚಂದ ಇತ್ತಲ್ಲ. ಒಂದು ಇಡೀ ಸೀಸನ್ ಹೋಯಿತು.

ಕೊನೆಗೆ ನಮ್ಮ ಜೊತೆ ಹೊಡೆಯುವ ಹಿರಿಯರೊಬ್ಬರು ನನ್ನ ಗೋಳು ಕೇಳಿ ಕೇಳಿ ಸಾಕಾಗಿ ಒಂದು ದಿನ ಡಯಲ್ ಗೇಜ್ ತಂದರು, ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆಯ ಸಾಧನ. ಬೋಲ್ಟ್ ತೆಗೆಸಿದರು, ರೈಫಲ್ ಖಾಲಿ ಇದೆಯಾ ಅಂತ ತಾವೇ ನೋಡಿದರು. ಗೇಜನ್ನು ಸ್ಟಾಕ್‌ನ ಮುಂದಿನ ತುದಿಗೆ ಕಟ್ಟಿ ಅದರ ಮೊನೆ ಬ್ಯಾರಲ್‌ಗೆ ತಾಗುವ ಹಾಗೆ ಇಟ್ಟು, ಮುಂದಿನ ಸ್ಕ್ರೂ ಮೆಲ್ಲಗೆ ಸಡಿಲಿಸಿದರು. ಮುಳ್ಳು ಸರ್ರಂತ ಓಡಿತು. 0.3 ಮಿಲಿಮೀಟರ್. 0.05ರೊಳಗೆ ಇದ್ದರೆ ಚಿಂತೆ ಇಲ್ಲ ಅನ್ನುವುದು ಬೆಡ್ಡಿಂಗ್ ಮಾಡುವವರ ಲೆಕ್ಕ.

"ಎಪಾಕ್ಸಿ ಹಾಕುವಾಗ ಸ್ಕ್ರೂ ಬಿಗಿ ಮಾಡಿದ್ಯೇನಪ್ಪಾ?"

"ಹೌದು ಸರ್, ಸರಿಯಾಗಿ ಕೂರಲಿ ಅಂತ."

ಅವರು ಏನೂ ಹೇಳಲಿಲ್ಲ. ಗೇಜ್ ಬಿಚ್ಚಿ ಡಬ್ಬಿಗೆ ಹಾಕಿಕೊಂಡರು.

ಸರಿ ಮಾಡಿದ್ದು ಹೀಗೆ. ಎಪಾಕ್ಸಿಯನ್ನು ಎರಡು ಮಿಲಿಮೀಟರ್ ಆಳಕ್ಕೆ ಉಳಿಯಿಂದ ಕೆತ್ತಿ ತೆಗೆದೆ, ಕೆಳಗಿದ್ದ ಮರದ ಉಬ್ಬನ್ನೂ ಸೇರಿಸಿ. ಬ್ಯಾರಲ್‌ಗೆ ಮುಂದೆ ಒಂದು ಕಡೆ ಟೇಪ್ ಸುತ್ತಿದೆ, ಸ್ಟಾಕಿನಲ್ಲಿ ಅದಕ್ಕೆ ಕೊರೆದ ಕಾಲುವೆಯ ನಡುವೆ ನಿಲ್ಲಲಿ ಅಂತ. ಆ್ಯಕ್ಷನ್ ತನ್ನ ತೂಕದಲ್ಲೇ ಎಪಾಕ್ಸಿ ಮೇಲೆ ಕೂತಿತು. ಸ್ಕ್ರೂ ಹಾಕಿದ್ದು ಜಾಗ ತಪ್ಪದಿರಲಿ ಅಂತ ಮಾತ್ರ, ಎರಡು ಬೆರಳಲ್ಲಿ ತಿರುಗುವಷ್ಟು ಸಡಿಲ. ರಬ್ಬರ್ ಟ್ಯೂಬ್ ಮೆಲ್ಲಗೆ ಸುತ್ತಿ 24 ಗಂಟೆ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಗೇಜ್ ತೋರಿಸಿದ್ದು 0.03.

ಈಗ ತಮಾಷೆ ಕೇಳಿ. ಕೈ ಪಳಗಿತಲ್ಲ, ಅಟ್ಟದ ಮೇಲಿದ್ದ ಹಳೇ ವಾಲ್‌ನಟ್ ಸ್ಟಾಕ್ ಇಳಿಸಿ ನೋಡಿದೆ. ತಿರುಚಿರಲಿಲ್ಲ. ಹಿಂದಿನ ಸ್ಕ್ರೂ ಸುತ್ತ ಮರ ಕಪ್ಪಗಿತ್ತು, ಉಗುರಿನಲ್ಲಿ ಒತ್ತಿದರೆ ಗುರುತು ಬೀಳುತ್ತಿತ್ತು. ಐವತ್ತು ವರ್ಷ ಯಾರೋ ಧಾರಾಳವಾಗಿ ಬಿಟ್ಟ ಎಣ್ಣೆ ಆ್ಯಕ್ಷನ್‌ನಿಂದ ಇಳಿದು ಮರದೊಳಗೆ ಇಂಗಿತ್ತು. ಮೆತ್ತಗಾದ ಮರದಲ್ಲಿ ಸ್ಕ್ರೂ ಬಿಗಿದಷ್ಟೂ ಕುಸಿಯುತ್ತದೆ. ನನ್ನ ಗ್ರೂಪ್ ಉದ್ದಕ್ಕೆ ಎಳೆಯುತ್ತಿದ್ದುದು ಅದಕ್ಕೆ! ಅಸಿಟೋನ್‌ನಲ್ಲಿ ಸುಣ್ಣದ ಕಲ್ಲಿನ ಪುಡಿ ಕಲಸಿ ಹಚ್ಚಿ, ಒಣಗಿಸಿ, ಕೆರೆದು, ಮತ್ತೆ ಹಚ್ಚಿ, ನಾಲ್ಕೈದು ಸಲ ಎಣ್ಣೆ ಎಳೆಸಿದೆ, ಯಾಕೆಂದರೆ ಎಣ್ಣೆ ಕುಡಿದ ಮರಕ್ಕೆ ಎಪಾಕ್ಸಿ ಹಿಡಿಯುವುದಿಲ್ಲ. ಎರಡೂ ಸ್ಕ್ರೂ ತೂತಿಗೆ ಅಲ್ಯೂಮಿನಿಯಂ ಪಿಲ್ಲರ್, ಅಂದರೆ ಸಣ್ಣ ಕೊಳವೆ, ಕೂರಿಸಿದೆ. ಈಗ ಸ್ಕ್ರೂ ಎಷ್ಟು ಬಿಗಿದರೂ ಭಾರ ಬೀಳುವುದು ಲೋಹದ ಮೇಲೆ, ಮರದ ಮೇಲಲ್ಲ. ಮತ್ತೆ ಬೆಡ್ಡಿಂಗ್, ಈ ಸಲ ನೆಟ್ಟಗೆ. ಈಗ ನಾನು ಹೊಡೆಯುತ್ತಿರುವುದು ಅದೇ ಹಳೇ ಸ್ಟಾಕಿನಲ್ಲಿ. ಅಷ್ಟು ದುಡ್ಡು ಕೊಟ್ಟ ಲ್ಯಾಮಿನೇಟ್ ಈಗ ಅಟ್ಟದಲ್ಲಿದೆ.

ಹಾಗಾಗಿ ಯಾವ ಸ್ಟಾಕ್ ಅಂತ ಕೇಳಬೇಡಿ, ಗ್ರೂಪ್ ಯಾಕೆ ಚದುರಿತು ಅಂತ ಕೇಳಿ. ಸ್ಟಾಕ್ ಬದಲಿಸಿದ ಮಾತ್ರಕ್ಕೆ ಗ್ರೂಪ್ ಚಿಕ್ಕದಾಗುವುದಿಲ್ಲ. ಸ್ಟಾಕ್ ಹೊಂದಬೇಕಾದ್ದು ನಿಮ್ಮ ಮೈಗೆ. ಕಣ್ಣು ಮುಚ್ಚಿ ಕೆನ್ನೆ ಊರಿ, ಆಮೇಲೆ ಕಣ್ಣು ತೆರೆಯಿರಿ. ಹಿಂದಿನ ಸೈಟಿನ ತೂತು ನೇರ ಎದುರಿಗೆ ಇಲ್ಲದಿದ್ದರೆ, ಕತ್ತು ಎಳೆದು ಸರಿ ಮಾಡಿಕೊಳ್ಳಬೇಕಾಗಿ ಬಂದರೆ, ಆಗ ತೊಂದರೆ ಇರುವುದು ಅಲ್ಲಿ. ಅದಕ್ಕೂ ಇಡೀ ಸ್ಟಾಕ್ ಬೇಕಾಗಿಲ್ಲ, ಇರುವುದಕ್ಕೇ ಏರಿಳಿಯುವ ಚೀಕ್‌ಪೀಸ್ ಕೂರಿಸಬಹುದು, ಬಟ್‌ಪ್ಲೇಟ್ ಹಿಂದೆ ಸ್ಪೇಸರ್ ಹಾಕಬಹುದು. ಇನ್ನು ಮೇಲೆ ಕೆಳಗೆ ಚದುರುವುದಕ್ಕೆ ಗುಂಡಿನ ವೇಗ ಏರುಪೇರಾಗುವುದೂ ಕಾರಣ ಇರಬಹುದು, ಬೇರೆ ಲಾಟ್‌ನ ಒಂದೆರಡು ಡಬ್ಬಿ ಹೊಡೆದು ನೋಡಿ. ಒಂದೆರಡು ಸಾಕು, ನನ್ನ ಹಾಗೆ ಸೀಸನ್ ಪೂರ್ತಿ ಬೇಡ.

ಇಷ್ಟಾದರೂ ಕೊಳ್ಳುತ್ತೇನೆ ಅಂದರೆ ನಿಮ್ಮಿಷ್ಟ. ಅಲ್ಯೂಮಿನಿಯಂ ಆದರೆ ಬೆಡ್ಡಿಂಗ್ ಗೊಡವೆ ಇಲ್ಲ ಅಂತ ಮಾತ್ರ ನಂಬಬೇಡಿ, ಹಳೇ ಆ್ಯಕ್ಷನ್‌ಗೆ ಆ ಲೋಹದ ಹಾಸು ಹೊಂದುತ್ತದಾ ಅಂತ ಅದೇ ಗೇಜ್ ಇಟ್ಟೇ ನೋಡಬೇಕು. ಸ್ಕ್ರೂಗಳ ನಡುವಿನ ಅಂತರ, ಟ್ರಿಗರ್‌ಗೆ ಕೊರೆದ ಜಾಗ, ಬ್ಯಾರಲ್ ದಪ್ಪ ಎಲ್ಲ ಆರ್ಡರ್ ಮಾಡುವ ಮೊದಲೇ ಅಳೆಯಿರಿ. 50 ಮೀಟರ್ ಮ್ಯಾಚ್ ಹೊಡೆಯುವುದಾದರೆ ಎಲ್ಲ ಸೇರಿ ನಿಯಮದ ತೂಕದ ಮಿತಿ ದಾಟುವಂತಿಲ್ಲ. ಹಳೇ ಸ್ಕ್ರೂ ಹೊಸ ಸ್ಟಾಕಿಗೆ ಉದ್ದವಾದರೆ ತುದಿ ಒಳಗೆ ತಾಗುತ್ತದೆ, ಬಿಗಿದ ಮೇಲೆ ಬೋಲ್ಟ್ ಮೊದಲಿನಷ್ಟೇ ಸಲೀಸಾಗಿ ಓಡುತ್ತದಾ ನೋಡಿ. ಹಳೇ ಸ್ಟಾಕ್ ಮಾತ್ರ ದಯವಿಟ್ಟು ಮಾರಬೇಡಿ.

ಈ ವಾರ ಮಾಡಬೇಕಾದ್ದು ಒಂದೇ. ಬೋಲ್ಟ್ ತೆಗೆದು, ಖಾಲಿ ಇದೆ ಅಂತ ನೋಡಿಕೊಂಡು, ಆ್ಯಕ್ಷನ್ ಹೊರಗೆ ತೆಗೆಯಿರಿ. ಹಿಂದಿನ ಸ್ಕ್ರೂ ಸುತ್ತ ಮರ ಯಾವ ಬಣ್ಣ ಇದೆ, ಉಗುರು ಇಳಿಯುತ್ತದಾ ನೋಡಿ. ಮತ್ತೆ ಕೂರಿಸಿ, ಕೈಪಿಡಿಯಲ್ಲಿ ಇರುವಷ್ಟೇ ಬಿಗಿದು, ಯಾರ ಹತ್ತಿರವಾದರೂ ಡಯಲ್ ಗೇಜ್ ಕೇಳಿ ತಂದು ಮುಂದಿನ ಸ್ಕ್ರೂ ಸಡಿಲಿಸಿ. ಮುಳ್ಳು ಎಷ್ಟು ಓಡಿತು ಅಂತ ನನಗೆ ಹೇಳಿ, ಆಮೇಲೆ ಬೇಕಾದರೆ ಸ್ಟಾಕ್ ಮಾತಾಡೋಣ.