ರಷ್ಯಾದ ಆರ್‌ಎಂಬಿ-93 ಶಾಟ್‌ಗನ್‌ನಲ್ಲಿ ಮುಂಗೈಹಿಡಿಯನ್ನು (ಬಂದೂಕಿನ ಮುಂಭಾಗದಲ್ಲಿ ಕೈಯಿಂದ ಜಾರಿಸುವ ಹಿಡಿ) ಮೊದಲು ಮುಂದಕ್ಕೆ ತಳ್ಳಬೇಕು, ಯಾಕೆ?

ಯಾಕಂದ್ರೆ ಇದರಲ್ಲಿ ಜಾರುವುದು ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಅಲ್ಲ, ನಳಿಗೆಯೇ.

ಮಾಮೂಲಿ ಪಂಪ್ ಆಕ್ಷನ್ ಬಂದೂಕಿನಲ್ಲಿ, ಅಂದರೆ ಹಿಡಿ ಜಾರಿಸಿ ತೋಟಾ ಬದಲಿಸುವ ಬಂದೂಕಿನಲ್ಲಿ, ಮುಂಗೈಹಿಡಿಯನ್ನು ಹಿಂದಕ್ಕೆ ಎಳೆಯುತ್ತಾರೆ. ಬೋಲ್ಟ್ ಹಿಂದೆ ಸರಿದು ಖಾಲಿ ತೋಟಾ ಆಚೆ ಬೀಳುತ್ತದೆ. ಸೋವಿಯತ್ ಕಾಲದ ಪೊಲೀಸ್ ಬಂದೂಕು ಕೆಎಸ್-23, ಆಮೇಲೆ ರಷ್ಯಾದ ಇಝೆವ್ಸ್ಕ್ ನಗರದಿಂದ ಬಂದ ಇಝ್-81 ಮತ್ತು ಎಂಪಿ-133 ಎಲ್ಲವೂ ಹೀಗೇ. ಆದರೆ ಬೋಲ್ಟ್ ಓಡಾಡಲು ಹಿಂದೆ ಜಾಗ ಬೇಕಲ್ವಾ? ಅಷ್ಟು ಉದ್ದ ಜಾಸ್ತಿಯಾಗುತ್ತದೆ.

1990ರ ದಶಕದಲ್ಲಿ ತುಲಾ ನಗರದ ಕೆಬಿಪಿ ವಿನ್ಯಾಸ ಸಂಸ್ಥೆ ಇದನ್ನೇ ತಿರುಗಿಸಿತು. ಬೋಲ್ಟ್ ಅಲುಗಾಡುವುದಿಲ್ಲ. ಮುಂದಕ್ಕೆ ತಳ್ಳಿದರೆ ನಳಿಗೆ ಮುಂದೆ ಜಾರಿ, ಖಾಲಿ ತೋಟಾ ಕೆಳಕ್ಕೆ ಬೀಳುತ್ತದೆ. ಹಿಂದಕ್ಕೆ ಎಳೆದರೆ ನಳಿಗೆ ಬಂದು ಹೊಸ ತೋಟಾವನ್ನು ಒಳಗೆ ತೆಗೆದುಕೊಳ್ಳುತ್ತದೆ. ತೋಟಾ ತುಂಬುವ ಕೊಳವೆಯೂ ನಳಿಗೆಯ ಮೇಲಿದೆ. ಹಾಗಾಗಿ ಬಂದೂಕು ತೀರಾ ಗಿಡ್ಡ. ಖಾಲಿ ತೋಟಾ ಪಕ್ಕಕ್ಕೆ ಹಾರದ್ದರಿಂದ ಎಡಗೈಯವರಿಗೂ ತೊಂದರೆಯಿಲ್ಲ. ನನಗಂತೂ ರಷ್ಯಾದ ಪಂಪ್ ಬಂದೂಕುಗಳಲ್ಲಿ ಇದೇ ಅತಿ ಜಾಣ ವಿನ್ಯಾಸ. ಆದರೆ ಹಿಂದಕ್ಕೆಳೆದು ರೂಢಿಯಾದ ಕೈಗೆ ಇದು ಬೇಗ ಒಗ್ಗುವುದಿಲ್ಲ.