ಬಾಣಂತಿ ಇಲಿ ಕಚ್ಚುತ್ತದೆಯೆಂದು ಈಗಲೇ ತೆಗೆದುಹಾಕಬೇಡಿ

ಬದಿಯಡ್ಕದಲ್ಲಿ ಹೆಬ್ಬಾವಿನ ಆಹಾರಕ್ಕೆಂದು ಬಿಳಿ ಇಲಿ ಸಾಕುತ್ತಿದ್ದೀರಿ. ಒಂದೇ ಡಬ್ಬದಲ್ಲಿ ಮೂರು ಹೆಣ್ಣು, ಒಂದು ಗಂಡು. ಹೆತ್ತ ಹೆಣ್ಣು ಉಳಿದವನ್ನೂ ನಿಮ್ಮ ಕೈಯನ್ನೂ ಕಚ್ಚುತ್ತಿದೆ, ಏನು ಮಾಡಲಿ ಎಂದಿದ್ದೀರಿ.

ಕಚ್ಚುವುದು ಯಾವಾಗ ಎಂದು ಮೊದಲು ನೋಡಿ. ಮರಿ ಹಾಕಿದ ಮೊದಲ ವಾರ ಸಾಧು ತಾಯಿಯೂ ಕಚ್ಚೀತು. ಮರಿಗಳು ಎರಡು ವಾರಕ್ಕೆ ಕಣ್ಣು ಬಿಡುವಾಗ ಸಿಟ್ಟು ಸಾಮಾನ್ಯವಾಗಿ ಇಳಿದಿರುತ್ತದೆ. ಗೂಡಿನ ಬಾಯಲ್ಲಿ ಕೂದಲು ನಿಮಿರಿಸಿ, ಪಕ್ಕೆಯೊಡ್ಡಿ ಓರೆಯಾಗಿ ನಿಂತರೆ ಕೈ ಹಿಂದಕ್ಕೆ ತೆಗೆಯಿರಿ. ಡಬ್ಬ ಸ್ವಚ್ಛ ಮಾಡಲೇಬೇಕಿದ್ದರೆ ತಾಯಿಯನ್ನು ಪ್ಲಾಸ್ಟಿಕ್ ಮಗ್ಗಿಗೆ ಹತ್ತಿಸಿ ಆಚೆ ಇಡಿ. ಗೂಡಿನ ಹುಲ್ಲು ಮಾತ್ರ ಹಾಗೆಯೇ ಇರಲಿ.

ನನ್ನ ಅನುಮಾನವೆಲ್ಲ ಆ ಗಂಡಿನ ಮೇಲೆ. ಹೆತ್ತ ಒಂದು ದಿನದೊಳಗೇ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ; ಗಂಡು ಜೊತೆಗಿದ್ದರೆ ಹಾಲೂಡುತ್ತಲೇ ಮತ್ತೆ ಬಸುರಿ. ಮೈ ಸೋತ ತಾಯಿಗೆ ತಾಳ್ಮೆ ಎಲ್ಲಿಂದ ಬರಬೇಕು? ಗರ್ಭ 21ರಿಂದ 23 ದಿನ. ಹೊಟ್ಟೆ ಎದ್ದು ಕಂಡೊಡನೆ ಆ ಹೆಣ್ಣನ್ನು ಬೇರೆ ಡಬ್ಬಕ್ಕೆ ಹಾಕಿ, ಹರಿದ ಕಾಗದವನ್ನೋ ಒಣಹುಲ್ಲನ್ನೋ ಧಾರಾಳವಾಗಿ ಕೊಡಿ. ನಮ್ಮ ಕಡೆಯ ಏಪ್ರಿಲ್ ಸೆಕೆಯಲ್ಲಿ ಡಬ್ಬ ತಗಡಿನ ಮಾಡಿನಡಿ ಇರಲೇಬಾರದು.

ಮರಿ ಬಿಡಿಸಿದ ಮೇಲೂ ಕಚ್ಚುವ, ಬೇರೆಯದರ ಮರಿ ಕೊಲ್ಲುವ ಹೆಣ್ಣನ್ನು ಮಾತ್ರ ತಳಿಗೆ ಬಳಸಬೇಡಿ. ಅದರ ಹೆಣ್ಣು ಮರಿಗಳನ್ನೂ ಉಳಿಸಿಕೊಳ್ಳಬೇಡಿ.

ಕಚ್ಚಿದ ಗಾಯವನ್ನು ಸೋಪಿನಿಂದ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ. ಮುಂದೆ ಜ್ವರ ಬಂದರೆ ಇಲಿ ಕಚ್ಚಿದ್ದನ್ನು ಮರೆಯದೆ ಹೇಳಿ.