ಆ ಹುಡುಗಿ ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಕೊಡಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಮೂರನೇ ಸಲಕ್ಕೆ ಸಿಟ್ಟು ಬಂತು. ಬರೆದವರ ಮೇಲಲ್ಲ.

ಬರೆದವರಿಗೆ 30 ವರ್ಷ. ಊರು ದಾವಣಗೆರೆ ಕಡೆ, ಕೆಲಸ ಬೆಂಗಳೂರಲ್ಲಿ. ಮದುವೆ ಗೊತ್ತಾಗಿದೆ. ಅವರ ಮಂಚದ ಕೆಳಗೆ ಎರಡು ಟ್ರಂಕ್ ತುಂಬ ಸ್ಪೈಡರ್‌ಮ್ಯಾನ್ ಕಾಮಿಕ್ಸ್ ಇವೆ. ಒಂದೊಂದಕ್ಕೂ ಪ್ಲಾಸ್ಟಿಕ್ ಕವರ್, ಬಾಗದಿರಲಿ ಎಂದು ಹಿಂದೆ ಒಂದು ರಟ್ಟು. ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿಯಬಾರದು ಅಂತ ಶೂ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಸಿ ಟ್ರಂಕಿಗೆ ಹಾಕಿದ್ದಾರೆ.

ಮದುವೆ ಮಾತಿಗೆಂದು ಬಂದಿದ್ದ ಸೋದರಮಾವ ರಾತ್ರಿ ನೀರು ಕುಡಿಯಲು ಎದ್ದಾಗ, ಇವರು ಒಂದು ಸಂಚಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಬೆಳಿಗ್ಗೆ ತಿಂಡಿಗೆ ಕೂತಾಗ ಮಾವ ಅದನ್ನು ಎಲ್ಲರೆದುರು ಹೇಳಿ ನಕ್ಕರು. "ಅಳೋ ಗಂಡಸನ್ನ ನಂಬಬಾರದು ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಬೀಗರಿಗೆ ಗೊತ್ತಾಗೋ ಮೊದಲು ಅದನ್ನೆಲ್ಲ ಮಾರಿಬಿಡು" ಅಂದರು. ಅಮ್ಮ ತಲೆ ಎತ್ತದೆ ಚಟ್ನಿ ಬಡಿಸಿದರು. "ಇಲ್ಲದೇ ಇರುವ ಒಬ್ಬನಿಗಾಗಿ ಅಳುವುದು ಕಾಯಿಲೆಯಾ ಮೇಡಂ? ಮಾರಿಬಿಡಲಾ?" ಎಂದು ಕೇಳಿದ್ದಾರೆ.

ಕಾಯಿಲೆ ಅಲ್ಲ. ನೀವು ದಿನಾ ಕೆಲಸಕ್ಕೆ ಹೋಗುತ್ತೀರಿ, ತಂಗಿಯ ಓದಿಗೆ ದುಡ್ಡು ಕಳಿಸುತ್ತೀರಿ, ಭಾನುವಾರ ಗೆಳೆಯರ ಜೊತೆ ಕ್ರಿಕೆಟ್ ಆಡುತ್ತೀರಿ. ಊಟ, ನಿದ್ದೆ, ಜನ ಎಲ್ಲ ಬಿಟ್ಟು ಟ್ರಂಕಿನ ಪಕ್ಕದಲ್ಲೇ ಕೂತಿದ್ದರೆ ಡಾಕ್ಟರ ಹತ್ತಿರ ಹೋಗಿ ಅನ್ನುತ್ತಿದ್ದೆ. ನಮ್ಮಜ್ಜಿ ರಾತ್ರಿಯಿಡೀ ಯಕ್ಷಗಾನ ನೋಡುವವರು. ಅಭಿಮನ್ಯು ಕಾಳಗದ ಆಟವಾದರೆ ಮಾತ್ರ ಚಕ್ರವ್ಯೂಹ ಹೊಗುವ ಹೊತ್ತಿಗೆ ಚಾಪೆ ಸುತ್ತಿಕೊಂಡು ಎದ್ದುಬಿಡುತ್ತಿದ್ದರು. "ಆ ಮಗು ಸಾಯುದು ನನಗೆ ನೋಡ್ಲಿಕ್ಕಾಗುದಿಲ್ಲ" ಅನ್ನುತ್ತಿದ್ದರು. ನೂರು ಸಲ ಕೇಳಿದ ಕಥೆ ಅದು. ಅಜ್ಜಿಗೆ ಏನೋ ಆಗಿದೆ ಎಂದು ಊರಲ್ಲಿ ಯಾರೂ ಹೇಳಲಿಲ್ಲ.

ಮನಸ್ಸಿಗೆ ಹತ್ತಿರವಾದವರು ನಿಜವಾಗಿ ಇದ್ದಾರಾ ಇಲ್ವಾ ಅನ್ನುವ ಲೆಕ್ಕ ಕಣ್ಣೀರಿಗೆ ಗೊತ್ತಿಲ್ಲ. 1956ರಲ್ಲೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಅಮೆರಿಕದಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಟಿವಿಯಲ್ಲಿ ಕಾಣುವವರ ಜೊತೆ ನೋಡುವವರಿಗೆ ಬೆಳೆಯುವ ಒಂದು ಕಡೆಯ ಸ್ನೇಹದ ಮಾತು ಅವರದು. ಕಾಮಿಕ್ಸ್‌ನಲ್ಲಿ ಇದು ಇನ್ನೂ ಜಾಸ್ತಿ ಅನ್ನಿಸುತ್ತದೆ ನನಗೆ. ಅಲ್ಲಿ ಅವನ ದನಿ ನೀವು ಕೊಟ್ಟದ್ದು. ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ನಡುವೆ ಏನಾಯಿತು ಅನ್ನುವುದನ್ನು ತುಂಬಿದವರೂ ನೀವೇ. ಅಷ್ಟು ಕೈ ಹಾಕಿ ಬೆಳೆಸಿದವನು ಹೊರಗಿನವನಾಗಿ ಉಳಿಯುವುದು ಹೇಗೆ?

ಅದೂ ಸ್ಪೈಡರ್‌ಮ್ಯಾನ್ ಮುಖವಾಡದೊಳಗಿನ ಪೀಟರ್ ಪಾರ್ಕರ್‌ನಂಥವನು. 1962ರಲ್ಲಿ ಸ್ಟ್ಯಾನ್ ಲೀ, ಸ್ಟೀವ್ ಡಿಟ್ಕೊ ಅವನನ್ನು ಹುಟ್ಟಿಸಿದಾಗ ಅವನಿನ್ನೂ ಶಾಲೆಗೆ ಹೋಗುವ ಹುಡುಗ. ಜೊತೆಯವರು ಗೇಲಿ ಮಾಡುತ್ತಾರೆ. ಕಳ್ಳನೊಬ್ಬ ಎದುರೇ ಓಡಿಹೋಗುವಾಗ ನನಗೇನು ಎಂದು ಬಿಟ್ಟುಬಿಡುತ್ತಾನೆ. ಅದೇ ಕಳ್ಳ ಆಮೇಲೆ ಅವನ ಚಿಕ್ಕಪ್ಪನನ್ನು ಕೊಲ್ಲುತ್ತಾನೆ. ಗೋಡೆ ಹತ್ತುವ ಶಕ್ತಿ ಇದ್ದರೂ ಕೈಯಲ್ಲಿ ಕಾಸಿಲ್ಲ, ಮನೆಯಲ್ಲಿ ವಯಸ್ಸಾದ ಚಿಕ್ಕಮ್ಮನ ಚಿಂತೆ. ನೀವು ಏಳನೇ ಕ್ಲಾಸಿಗೆ ಹಾಸ್ಟೆಲ್ ಸೇರಿದಾಗ ಸೀನಿಯರ್ ಒಬ್ಬ ಬಿಟ್ಟುಹೋದ, ರಕ್ಷಾಪುಟವೇ ಇಲ್ಲದ ಸಂಚಿಕೆಯಲ್ಲಿ ಇವನು ಸಿಕ್ಕ ಎಂದು ಬರೆದಿದ್ದೀರಿ. ರೂಮಿನಲ್ಲಿ ಇನ್ನೂ ಯಾರೂ ಮಾತಾಡಿಸದಿದ್ದ ದಿನಗಳಲ್ಲಿ. ಅಂಥ ದಿನಗಳಲ್ಲಿ ಜೊತೆಗಿದ್ದವರನ್ನು ಯಾರೂ ಮರೆಯುವುದಿಲ್ಲ. ಮರೆಯಲೂ ಬಾರದು.

ಇನ್ನು ನಿಮ್ಮ ಮಾವ. ಮಧ್ಯರಾತ್ರಿ ಒಬ್ಬ ಮನುಷ್ಯ ಒಂಟಿಯಾಗಿ ಅಳುತ್ತಿರುವುದನ್ನು ಕಂಡರೆ ಎರಡೇ ದಾರಿ. ಪಕ್ಕದಲ್ಲಿ ಕೂತು ಏನಪ್ಪಾ ಅಂತ ಕೇಳಬೇಕು, ಇಲ್ಲವೇ ಕಾಣದವರ ಹಾಗೆ ಹೋಗಿ ಮಲಗಬೇಕು. ಅದನ್ನು ಬೆಳಿಗ್ಗೆ ದೋಸೆಯ ಜೊತೆ ಎಲ್ಲರಿಗೂ ಹಂಚಿದ್ದು ತಪ್ಪು, ದೊಡ್ಡ ತಪ್ಪು. ಆ ಗಾದೆಯನ್ನು ನಾನು ಈ ಅಂಕಣದಲ್ಲಿ ಎಷ್ಟೋ ಸಲ ಬೈದಿದ್ದೇನೆ, ಇವತ್ತೂ ಬೈಯುತ್ತೇನೆ. ಅದನ್ನು ನಂಬಿಕೊಂಡು ಅಪ್ಪ ಸತ್ತಾಗಲೂ ಅಳದೆ, ಹತ್ತು ವರ್ಷ ಆದಮೇಲೆ ನನಗೆ ಪತ್ರ ಬರೆದ ಗಂಡಸರಿದ್ದಾರೆ.

ಆದರೆ ನನ್ನ ಮುಖ್ಯ ಮಾತು ಬೇರೆ. ನಿಮ್ಮ ಪತ್ರದ ಮೂರನೇ ಪುಟದಲ್ಲಿ, ಕಂಸದೊಳಗೆ, ಬರೆಯಲೋ ಬೇಡವೋ ಅನ್ನುವಂತೆ ಒಂದು ಸಾಲಿದೆ. ಹೆಣ್ಣು ನೋಡಲು ಹೋದ ದಿನ ಇಬ್ಬರನ್ನೇ ಮಾತಾಡಿಕೊಳ್ಳಲಿ ಎಂದು ಟೆರೇಸಿಗೆ ಕಳಿಸಿದರು. ಆಕೆ ನಿಮ್ಮ ಬೈಕ್ ಕೀಚೈನಿನಲ್ಲಿದ್ದ ಕೆಂಪು ಜೇಡ ನೋಡಿ, "ಇದರಲ್ಲಿ ಯಾವುದನ್ನ ಮೊದಲು ಓದಬೇಕು?" ಎಂದು ಕೇಳಿದರು. ನೀವು "ಅದೆಲ್ಲ ಹಳೇದು ಬಿಡಿ" ಎಂದು ಮಾತು ಬದಲಿಸಿದಿರಿ.

ಮಾವನ ಮಾತಿಗೆ ಎರಡು ಪುಟ, ಈಕೆಯ ಮಾತಿಗೆ ಒಂದು ಕಂಸ! ಸಂಬಳ ಎಷ್ಟು, ಸ್ವಂತ ಮನೆ ಇದೆಯಾ ಎಂದು ಕೇಳುವ ಹೊತ್ತಿನಲ್ಲಿ ಆ ಹುಡುಗಿ ನಿಮ್ಮ ಕೈಯಲ್ಲಿದ್ದುದನ್ನು ಗಮನಿಸಿ, ನಿಮ್ಮ ಲೋಕದ ಬಾಗಿಲು ಎಲ್ಲಿದೆ ಎಂದು ಕೇಳಿದರು. ಬಾಗಿಲು ಹಾಕಿದವರು ನೀವು. ಬೀಗರಿಗೆ ಗೊತ್ತಾದರೆ ಏನು ಗತಿ ಎಂದು ಹೆದರುತ್ತಿದ್ದೀರಲ್ಲ, ಯಾರಿಗೆ ಗೊತ್ತಾಗಬೇಕೋ ಅವರಿಗೆ ಆಗಲೇ ಅರ್ಧ ಗೊತ್ತಾಗಿದೆ.

ನಿಮ್ಮ ಪೀಟರ್‌ನ ಗೆಳತಿ ಮೇರಿ ಜೇನ್ ವಿಷಯವೂ ಹೀಗೇ ಅಲ್ವಾ? ಪೀಟರ್ ವರ್ಷಗಟ್ಟಲೆ ಗುಟ್ಟು ಮುಚ್ಚಿಟ್ಟ. 1984ರ 257ನೇ ಸಂಚಿಕೆಯಲ್ಲಿ ಆಕೆ, ನೀನೇ ಸ್ಪೈಡರ್‌ಮ್ಯಾನ್ ಅಂತ ನನಗೆ ಮೊದಲೇ ಗೊತ್ತು ಅಂದುಬಿಟ್ಟಳು. 1987ರಲ್ಲಿ ಅವರ ಮದುವೆಯಾಯಿತು. ಇದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಆ ರಾತ್ರಿ ನಿಮ್ಮ ತೊಡೆಯ ಮೇಲಿದ್ದದ್ದು 248ನೇ ಸಂಚಿಕೆ. ಅದರಲ್ಲಿ 11 ಪುಟದ ಒಂದು ಪುಟ್ಟ ಕಥೆ. ರೋಜರ್ ಸ್ಟರ್ನ್ ಬರೆದದ್ದು. ಸ್ಪೈಡರ್‌ಮ್ಯಾನ್ ಬಗ್ಗೆ ಬಂದ ಪೇಪರ್ ಕಟಿಂಗ್ ಎಲ್ಲ ಕೂಡಿಸಿಟ್ಟ ಟಿಮ್ ಎಂಬ ಹುಡುಗನ ಕೋಣೆಗೆ ಒಂದು ರಾತ್ರಿ ಅವನೇ ಕಿಟಕಿಯಿಂದ ಬರುತ್ತಾನೆ. ಮಾತಾಡುತ್ತಾ ಕೂರುತ್ತಾನೆ. ನೀನು ನಿಜವಾಗಿ ಯಾರು ಎಂದು ಹುಡುಗ ಕೇಳುತ್ತಾನೆ. ಅವನು ಸ್ವಲ್ಪ ಹಿಂಜರಿದು ಮುಖವಾಡ ತೆಗೆಯುತ್ತಾನೆ. ಹುಡುಗನನ್ನು ತಬ್ಬಿಕೊಂಡು ಹೊರಡುತ್ತಾನೆ. ಕೊನೆಗೆ ಗೇಟಿನ ಬೋರ್ಡು ಕಾಣುತ್ತದೆ. ಅದು ಕ್ಯಾನ್ಸರ್ ಆಸ್ಪತ್ರೆ. ಟಿಮ್‌ಗೆ ಇನ್ನು ಉಳಿದಿರುವುದು ಕೆಲವೇ ವಾರ.

ನೀವು ಅತ್ತದ್ದು ಆ ಹುಡುಗನಿಗಾಗಿ ಎಂದುಕೊಂಡಿದ್ದೀರಿ. ಇರಬಹುದು. ಕೇಳಿದವನಿಗೆ ಮುಖ ತೋರಿಸುವಷ್ಟು ಧೈರ್ಯ ಅವನಿಗಿತ್ತು ಅನ್ನುವುದಕ್ಕೂ ಅತ್ತಿರಬಹುದು.

ಮಾರಬೇಡಿ. ತಿಂಗಳಿಗೆ ಇದಕ್ಕೆ ಎಷ್ಟು ಖರ್ಚಾಗುತ್ತದೆ ಅನ್ನುವುದನ್ನೂ ಆಕೆಗೆ ಹೇಳಿ, ಅದು ಮುಚ್ಚಿಡುವ ವಿಷಯವಲ್ಲ. ಮಾವನಿಗೆ ಉತ್ತರ ಕೊಡುವ ಅಗತ್ಯ ಇಲ್ಲ. ನೀವು ಮಾಡಬೇಕಾದದ್ದು ಒಂದೇ. ಬರುವ ಭಾನುವಾರ ಕ್ರಿಕೆಟ್ ಬಿಟ್ಟು, ಆ 248ನೇ ಸಂಚಿಕೆ ತೆಗೆದುಕೊಂಡು ಆಕೆಯನ್ನು ಕಾಣಿ. "ಯಾವುದು ಮೊದಲು ಓದಬೇಕು ಅಂತ ಕೇಳಿದ್ರಲ್ಲ, ಇದು" ಎಂದು ಕೈಯಲ್ಲಿಡಿ. ಕಥೆ ವಿವರಿಸಬೇಡಿ. ಅವರು ಓದಿ ಮುಗಿಸುವ ತನಕ ಸುಮ್ಮನೆ ಪಕ್ಕದಲ್ಲಿ ಕೂತಿರಿ. ಪ್ಲಾಸ್ಟಿಕ್ ಕವರನ್ನು ಮನೆಯಲ್ಲೇ ಬಿಟ್ಟು ಹೋಗಿ. ಪುಟದ ಮೂಲೆ ಮಡಚಿದರೆ ಮಡಚಲಿ.